ಆಲಿಸ್ ಪುಸ್ತಕ: ಯಾರ ಚಿತ್ರ ಇರೋದು ತಗೋಬೇಕು? ಹಳೇದೇ ಸಾಕಾ, ಹೊಸಬರದ್ದೂ ನೋಡ್ಬೇಕಾ?

ಶಾಯಿಪೆನ್ನು:

ಎಲ್ರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ, ರಾತ್ರಿ ಮಲಗೋ ಮುಂಚೆ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ದಿನಕ್ಕೊಂದು ಅಧ್ಯಾಯ ಅಂತ ಹೇಳ್ತಾ ಇದೀನಿ, ಕೈಯಲ್ಲಿ ಇಂಗ್ಲಿಷ್ ಪುಸ್ತಕ, ಬಾಯಲ್ಲಿ ಕನ್ನಡ, ಪದಚಮತ್ಕಾರ ಬಂದಲ್ಲೆಲ್ಲ ನಾನೇ ಏನೋ ಕಟ್ಟಿ ಹೇಳೋದು. ಪುಸ್ತಕ ಫುಟ್‌ಪಾತಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಮುಖಪುಟ ಬಿಟ್ರೆ ಒಳಗೆ ಒಂದೂ ಚಿತ್ರ ಇಲ್ಲ. ಮೊನ್ನೆ ಒಂಬತ್ತನೇ ಅಧ್ಯಾಯದಲ್ಲಿ ಗ್ರಿಫನ್ ಅಂತ ಒಂದು ಪ್ರಾಣಿ ಬಂತು. ಅಲ್ಲಿ ಕಂಸದೊಳಗೆ ಲೇಖಕನೇ ಬರೆದುಬಿಟ್ಟಿದಾನೆ, ಗ್ರಿಫನ್ ಅಂದ್ರೆ ಏನು ಅಂತ ಗೊತ್ತಿಲ್ದಿದ್ರೆ ಚಿತ್ರ ನೋಡ್ಕೊಳ್ಳಿ ಅಂತ! ನಾನು ಹಂಗೇ ಓದಿಬಿಟ್ಟೆ, ಅವಳು ಎದ್ದು ಕೂತ್ಲು, ಎಲ್ಲಿ ಚಿತ್ರ ಅಂತ. ಇಲ್ಲಮ್ಮ ಅಂದ್ರೆ ನಂಬಲ್ಲ, ಹಾಳೆ ಹಿಂದೆ ಮುಂದೆ ತಿರುವಿ ಹುಡುಕಿದ್ಲು, ಸಿಂಹದ ಮೈ ಹದ್ದಿನ ತಲೆ ಕಣೇ ಅಂದೆ, ಗಂಡಭೇರುಂಡ ಥರಾನಾ ಅಂದ್ಲು, ಅದಕ್ಕೆ ಎರಡು ತಲೆ ಅಂದೆ, ಕೊನೆಗೆ ಕಥೆ ಅಲ್ಲೇ ನಿಂತೋಯ್ತು.

ಈಗ ಚಿತ್ರ ಇರೋ ಒಳ್ಳೆ ಪ್ರತಿ ತಗೋಳೋಣ ಅಂತ ಹುಡುಕಿದ್ರೆ ತಲೆ ಕೆಡ್ತಾ ಇದೆ. ಟೆನಿಯಲ್ ಅಂತೆ, ರ‍್ಯಾಕಮ್ ಅಂತೆ, ಡಾಲಿ ಅಂತೆ, ಚುಕ್ಕಿ ಚುಕ್ಕಿದು ಒಂದು ಜಪಾನಿ ಕಲಾವಿದೆದಂತೆ. ಒಂದೇ ಕಥೆಗೆ ಇಷ್ಟೊಂದು ಜನ ಯಾಕೆ ಮತ್ತೆ ಮತ್ತೆ ಬರೀತಾರೆ? ಮೊದಲನೇ ಚಿತ್ರಗಳೇ ‘ಸರಿಯಾದವು’ ಅಂತ ಏನಾದ್ರೂ ಇದೆಯಾ?

ಹಳೇಪೇಪರ್:

ನಿಮ್ಮ ಮಗಳು ಕೇಳಿದ್ದು ನೂರಕ್ಕೆ ನೂರು ಸರಿ, ಆ ಪ್ರಕಾಶಕರನ್ನ ಹಿಡಿದು ಕೇಳಬೇಕು. ಪುಸ್ತಕದ ಶುರುವಲ್ಲೇ ಆಲಿಸ್ ಅಕ್ಕನ ಪುಸ್ತಕ ಇಣುಕಿ ನೋಡಿ ಚಿತ್ರಾನೂ ಇಲ್ಲ ಮಾತುಕತೇನೂ ಇಲ್ಲ, ಇಂಥಾ ಪುಸ್ತಕ ಯಾತಕ್ಕೆ ಬಂತು ಅಂದ್ಕೊಳ್ತಾಳಲ್ಲ, ಅಂಥಾ ಪುಸ್ತಕವನ್ನೇ ಚಿತ್ರ ಕಿತ್ತು ಮಾರ್ತಾರೆ ಅಂದ್ರೆ! ಇನ್ನೂ ಮುಂದೆ ಹೋಗಿ, ಹನ್ನೊಂದನೇ ಅಧ್ಯಾಯದಲ್ಲಿ ರಾಜ ನ್ಯಾಯಾಧೀಶರ ಟೋಪನ್ನಿನ ಮೇಲೆ ಕಿರೀಟ ಇಟ್ಕೊಂಡಿರ್ತಾನೆ, ಅದು ಹೆಂಗೆ ಅಂತ ನೋಡ್ಬೇಕಾದ್ರೆ ಪುಸ್ತಕದ ಮೊದಲ ಚಿತ್ರ ನೋಡಿ ಅಂತ ಅಲ್ಲೂ ಬರ್ದಿದಾನೆ. ಮತ್ತೆ ಹುಡುಕಾಟ ಶುರುವಾಗತ್ತೆ, ಈಗ್ಲೇ ಹೇಳಿದೀನಿ.

ಲೂಯಿಸ್ ಕ್ಯಾರೊಲ್ ವರ್ಣನೆ ಮಾಡೋದೇ ಕಮ್ಮಿ. ಆಲಿಸ್ ಹೆಂಗಿದ್ಲು ಅಂತ ಪುಸ್ತಕದಲ್ಲಿ ಹುಡುಕಿ ನೋಡಿ, ಎರಡನೇ ಅಧ್ಯಾಯದಲ್ಲಿ ಏಡಾಳ ಕೂದಲು ಉದ್ದ ಗುಂಗುರು, ನನ್ನದು ಗುಂಗುರೇ ಅಲ್ಲ ಅಂತಾಳಲ್ಲ, ಹೆಚ್ಚುಕಮ್ಮಿ ಅಷ್ಟೇ. ಫ್ರಾಕ್ ಬಣ್ಣ ಎಲ್ಲೂ ಇಲ್ಲ. ನಾವೆಲ್ಲ ನೀಲಿ ಫ್ರಾಕು ಅಂದ್ಕೊಂಡಿದೀವಿ, 1951ರ ಡಿಸ್ನಿ ಸಿನಿಮಾ ಅದನ್ನ ತಲೇಲಿ ಕೂರಿಸಿಬಿಡ್ತು. ಚಿಕ್ಕ ಮಕ್ಕಳಿಗೆ ಅಂತ 1890ರಲ್ಲಿ ಬಂದ ‘ನರ್ಸರಿ ಆಲಿಸ್’ಗೆ ಟೆನಿಯಲ್ಲೇ ತನ್ನ 20 ಚಿತ್ರಕ್ಕೆ ಬಣ್ಣ ಹಾಕಿದಾಗ ಫ್ರಾಕು ಹಳದಿ! ಕಥೆ ಕೇಳಿದ ನಿಜವಾದ ಹುಡುಗಿ ಆಲಿಸ್ ಲಿಡೆಲ್‌ಗೋ, ಕತ್ತರಿಸಿದ ಕಪ್ಪು ಕೂದಲು, ಹಣೆ ಮೇಲೆ ಇಳಿಬಿದ್ದಿದ್ದು. ಹಂಗಾಗಿ ‘ಸರಿಯಾದ’ ಆಲಿಸ್ ಅನ್ನೋಳೇ ಇಲ್ಲ.

ಆದ್ರೂ ಮೊದಲು ಟೆನಿಯಲ್ಲೇ ತಗೊಳ್ಳಿ. ಕ್ಯಾರೊಲ್ ಮೊದಲು ಕೈಬರಹದ ಪ್ರತಿಗೆ ತಾನೇ 37 ಚಿತ್ರ ಬರ್ದು 1864ರಲ್ಲಿ ಆ ಹುಡುಗಿಗೆ ಕೊಟ್ಟಿದ್ದ, ಅಚ್ಚು ಹಾಕ್ಸೋವಾಗ ಮಾತ್ರ ನಮ್ಮ ಗೀಚಾಟ ನಡಿಯಲ್ಲ ಅಂತ ‘ಪಂಚ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ ಜಾನ್ ಟೆನಿಯಲ್ ಹತ್ರ ಹೋದ. ಒಟ್ಟು 42 ಚಿತ್ರ. ಟೆನಿಯಲ್‌ಗೆ ಒಂದು ಕಣ್ಣು ಕಾಣ್ತಿರ್ಲಿಲ್ಲ, ಇಪ್ಪತ್ತರ ಹರೆಯದಲ್ಲಿ ಅಪ್ಪನ ಜೊತೆ ಕತ್ತಿವರಸೆ ಆಡ್ತಾ ಹೋಗಿದ್ದು. ಎದುರಿಗೆ ಮಾಡೆಲ್ ಕೂರಿಸ್ಕೊಂಡು ಬರೀರಿ ಅಂದ್ರೆ ಒಪ್ಲೇ ಇಲ್ಲ, ಲೆಕ್ಕ ಮಾಡೋಕೆ ನಿಮಗೆ ಮಗ್ಗಿ ಪುಸ್ತಕ ಎಷ್ಟು ಬೇಕೋ ನನಗೆ ಮಾಡೆಲ್ ಅಷ್ಟೇ ಬೇಕು ಅನ್ನೋ ಅರ್ಥದಲ್ಲಿ ಹೇಳಿದ್ನಂತೆ. ಕ್ಯಾರೊಲ್ ಆಕ್ಸ್‌ಫರ್ಡ್‌ನಲ್ಲಿ ಲೆಕ್ಕದ ಮೇಷ್ಟ್ರು, ಉರಿದಿರಬೇಕು. ತಲೆ ದಪ್ಪ, ಕಾಲು ತೀರಾ ಸಣ್ಣ ಅಂತ ಆಮೇಲೆ ಗೊಣಗಿದ್ದೂ ಉಂಟು. ಟೆನಿಯಲ್ಲೂ ಕಮ್ಮಿ ಇಲ್ಲ. 1865ರಲ್ಲಿ ಮೊದಲು ಅಚ್ಚಾದ 2000 ಪ್ರತಿ ನೋಡಿ ಚಿತ್ರ ಸರಿಯಾಗಿ ಮೂಡಿಲ್ಲ ಅಂದ, ಕ್ಯಾರೊಲ್ ಅಷ್ಟನ್ನೂ ವಾಪಸ್ ತಗೊಂಡು ಬೇರೆ ಕಡೆ ಹೊಸದಾಗಿ ಅಚ್ಚು ಹಾಕಿಸ್ದ. ಚಿತ್ರಗಾರನ ಒಂದು ಮಾತಿಗೆ ಇಡೀ ಮುದ್ರಣ ಹಿಂದಕ್ಕೆ! ಈಗ ಯಾರು ಮಾಡ್ತಾರೆ ಹೇಳಿ.

ಗೀಚೋ ಮಾಣಿ:

ಹಳೇಪೇಪರ್ ಸರ್ ಹೇಳಿದ್ದೆಲ್ಲ ಸರಿ ಆದ್ರೆ ‘ಯಾಕೆ ಮತ್ತೆ ಮತ್ತೆ ಬರೀತಾರೆ’ ಅನ್ನೋದಕ್ಕೆ ಉತ್ತರ ಬರ್ಲಿಲ್ಲ. ನಾನು ಮಕ್ಕಳ ಪುಸ್ತಕಕ್ಕೆ ಚಿತ್ರ ಬರ್ದೇ ಹೊಟ್ಟೆ ಹೊರ್ಕೊಳ್ಳೋನು ಹಂಗಾಗಿ ಬಾಯಿ ಹಾಕ್ತೀನಿ.

ಮೊದಲ ಕಾರಣ ಬರೀ ಕಾನೂನು. ಆಗಿನ ಬ್ರಿಟಿಷ್ ಕಾಯಿದೆ ಪ್ರಕಾರ ಪುಸ್ತಕ ಬಂದು 42 ವರ್ಷ, ಇಲ್ಲಾ ಲೇಖಕ ಸತ್ತು 7 ವರ್ಷ, ಯಾವುದು ಜಾಸ್ತಿಯೋ ಅಷ್ಟು ಕಾಲ ಕಾಪಿರೈಟು. 1865ಕ್ಕೆ 42 ಸೇರ್ಸಿ, 1907. ಆ ವರ್ಷ ಇಂಗ್ಲೆಂಡಲ್ಲಿ ಅಣೆಕಟ್ಟೆ ಗೇಟು ತೆಗೆದಂಗೆ ಹೊಸ ಹೊಸ ಆಲಿಸ್ ಬಂದ್ವು, ಪಾಪ ಟೆನಿಯಲ್ ಇನ್ನೂ ಬದುಕಿದ್ದ (ತೀರ್ಕೊಂಡಿದ್ದು 1914ರಲ್ಲಿ, 93 ವರ್ಷಕ್ಕೆ), ಎಲ್ಲಾ ಕಣ್ಣಾರೆ ನೋಡೋ ಹಂಗಾಯ್ತು. ಅದರಲ್ಲಿ ಇವತ್ತಿಗೂ ನಿಂತಿರೋದು ಆರ್ಥರ್ ರ‍್ಯಾಕಮ್ ಬರ್ದಿದ್ದು. ಇವನು ಟೆನಿಯಲ್ ಥರ ಅಲ್ಲ, ಹುಡುಗೀನ ಎದುರಿಗೆ ಕೂರಿಸ್ಕೊಂಡೇ ಬರ್ದ, ಕಂದು ಬೂದು ಬಣ್ಣ, ಮರದ ಬೇರಿಗೆಲ್ಲ ಬೆರಳು ಬಂದಂಗೆ, ಆಲಿಸ್ ಒಂಚೂರು ದೊಡ್ಡ ಹುಡುಗಿ, ಮುಖದಲ್ಲಿ ಏನೋ ಯೋಚನೆ. ಜನ ಬೈದ್ರು, ಟೆನಿಯಲ್ ಇರೋವಾಗ ಇದ್ಯಾಕೆ ಅಂತ. ನಮ್ಮಲ್ಲಿ ಚಂದಮಾಮದ ವಿಕ್ರಮ-ಬೇತಾಳ ಇದೆಯಲ್ಲ, ಒಂದು ಕೈಲಿ ಕತ್ತಿ, ಹೆಗಲ ಮೇಲೆ ಹೆಣ, ಅದನ್ನ ಬೇರೆಯವ್ರು ಬರೆದ್ರೆ ನಾವು ಒಪ್ತೀವಾ? ಹಂಗೇ.

ಕಾನೂನು ಗೇಟು ತೆಗೀತು ಸರಿ, ಆದ್ರೆ ನುಗ್ಗಿದವರೆಲ್ಲ ಒಂದೇ ಕೆಲಸ ಮಾಡ್ಲಿಲ್ಲ. ನನಗೆ ಅತಿ ಇಷ್ಟ ಅಮೆರಿಕದ ಬ್ಯಾರಿ ಮೋಸರ್‌ದು, 1982. ಟೆನಿಯಲ್ ಥರಾನೇ ಮರದ ಅಚ್ಚು, ಆದ್ರೆ ಕನಸು ಶುರುವಾದ ಮೇಲೆ ಚಿತ್ರದಲ್ಲಿ ಆಲಿಸ್ಸೇ ಇಲ್ಲ! ಕನಸಿನ ಆಚೆ ಈಚೆ ಮಾತ್ರ ಇರ್ತಾಳೆ. ಯಾಕಂದ್ರೆ ಕನಸು ಕಾಣೋಳು ಅವಳು, ಕನಸಲ್ಲಿ ನಿಮ್ಮ ಮುಖ ನಿಮಗೆ ಕಾಣತ್ತಾ? ಅವಳ ಕಣ್ಣಿಗೆ ಕಂಡಿದ್ದು ಮಾತ್ರ ಬರ್ದಿದಾನೆ. ನೂರಿಪ್ಪತ್ತು ವರ್ಷ ಎಲ್ರೂ ಹುಡುಗೀನ ಮಧ್ಯ ನಿಲ್ಸಿ ಬರ್ದ್ರು, ಇವನು ಓದೋ ಮಗೂನೇ ಅವಳ ಜಾಗದಲ್ಲಿ ನಿಲ್ಸಿಬಿಟ್ಟ. ಕಥೆಯ ಒಂದಕ್ಷರ ಮುಟ್ಟಿಲ್ಲ ನೋಡಿ, ಆದ್ರೂ ಪುಸ್ತಕ ಬೇರೇನೇ ಆಗೋಯ್ತು. ಸ್ವಲ್ಪ ಭಯಾನೂ ಆಗತ್ತೆ, ಅದು ಬೇರೆ ವಿಷ್ಯ.

ರಾಲ್ಫ್ ಸ್ಟೆಡ್‌ಮನ್ 1967ರಲ್ಲಿ ಆ ಬಿಳಿ ಮೊಲಾನ ಲಂಡನ್ನಿನ ಆಫೀಸಿಗೆ ಓಡೋ ಗುಮಾಸ್ತನ್ನ ಮಾಡಿದ. ಲೇಟಾಯ್ತು ಲೇಟಾಯ್ತು ಅಂತ ಓಡೋದು ಅಂದ್ರೆ ಇನ್ಯಾರು? ಬೆಳಿಗ್ಗೆ ಸಿಲ್ಕ್ ಬೋರ್ಡಲ್ಲಿ ನಿಂತ್ಕೊಂಡ್ರೆ ಸಾವಿರ ಸಿಗ್ತಾವೆ ಅಂಥಾ ಮೊಲ. 1966ರ ಸ್ವೀಡಿಷ್ ಆಲಿಸ್‌ಗೆ ಚಿತ್ರ ಬರ್ದಿದ್ದು ಮೂಮಿನ್ ಅನ್ನೋ ಮಕ್ಕಳ ಕಥೆಪುಸ್ತಕಗಳ ಟೂವೆ ಯಾನ್ಸನ್, ಅದೂ ಚೆಂದ.

ಕಾಫಿಪುಡಿ:

ಮಧ್ಯ ಬರ್ತೀನಿ ಕ್ಷಮಿಸಿ. ಇದೆಲ್ಲ ಚಿತ್ರಗಾರರ ಖುಷಿ, ಎಂಟು ವರ್ಷದ ಮಗು ಖುಷಿ ಅಲ್ಲ. ಸಾಲ್ವಡಾರ್ ಡಾಲಿದು 1969ರದ್ದು ನೋಡಿದೀನಿ, ಅಧ್ಯಾಯಕ್ಕೊಂದು ಅಂತ 12, ಮೊದಲಿಗೆ ಇನ್ನೊಂದು. ಬಣ್ಣ ಚೆಲ್ಲಿದಂಗೆ, ಹುಡುಗಿ ಅಂದ್ರೆ ಸ್ಕಿಪ್ಪಿಂಗ್ ಹಗ್ಗ ಹಿಡಿದಿರೋ ಒಂದು ಕಪ್ಪು ಆಕಾರ, ಟೀ ಪಾರ್ಟಿಗೆ ಮೇಜಿನ ಬದಲು ತನ್ನ ಹಳೇ ಕರಗೋ ಗಡಿಯಾರ ತಂದಿಟ್ಟಿದಾನೆ. ಡಾಲಿಗೆ ಆಲಿಸ್ ಒಂದು ನೆಪ ಅಷ್ಟೇ. ಯಯೋಯಿ ಕುಸಾಮಾದು (ನೀವು ಹೇಳಿದ ಚುಕ್ಕಿದು ಅದೇ, 2012) ಇನ್ನೂ ಹೆಚ್ಚು, ಚುಕ್ಕಿ, ಅಣಬೆ, ಕುಂಬಳಕಾಯಿ. ಗ್ರಿಫನ್ ಏನು ಅಂತ ಅದನ್ನ ನೋಡಿ ತಿಳ್ಕೊಳ್ಳೋಕಾಗತ್ತಾ? ಟೀಪಾಯಿ ಮೇಲೆ ನೆಂಟ್ರಿಗೆ ಕಾಣೋ ಹಂಗೆ ಇಡೋ ಪುಸ್ತಕಗಳು ಇವು.

ಗೀಚೋ ಮಾಣಿ:

ಡಾಲಿ ಬಗ್ಗೆ ಒಪ್ದೆ, ಮಗುಗೆ ಬೇಡ. ಆದ್ರೆ ಆ ಗಡಿಯಾರ ಸುಮ್ನೆ ತಂದಿದ್ದಲ್ಲ ಮಾರಾಯ್ರೆ, ಆ ಟೀ ಪಾರ್ಟಿಲಿ ಹ್ಯಾಟರ್‌ಗೆ ಟೈಮ್ ಜೊತೆ ಜಗಳ ಆಗಿ ಯಾವಾಗ್ಲೂ ಆರು ಗಂಟೇನೇ ಆಗಿರತ್ತಲ್ಲ! ಓದಿಯೇ ಬರ್ದಿದಾನೆ ಗಡವ.

ಇನ್ನೊಂದು, ಆಸ್ಟ್ರೇಲಿಯಾದ ಮೂಲನಿವಾಸಿಗಳ ಪಿಟ್ಜನ್‌ಜಾರ ಭಾಷೆಗೆ 1975ರಲ್ಲಿ ಆಲಿಸ್ ಹೋದಾಗ ಹೆಸರು ಅಲಿಟ್ಜಿ ಆಯ್ತು, ಬಿಳಿ ಮೊಲ ಕಾಂಗರೂ ಆಯ್ತು, ಚಿತ್ರಾನೂ ಅದಕ್ಕೆ ತಕ್ಕಂಗೆ. ಅದೂ ನೆಪಾನಾ? ನೀವು ಓದಿ ಹೇಳೋವಾಗ ಕನ್ನಡದಲ್ಲಿ ಪದಚಮತ್ಕಾರ ಕಟ್ತೀನಿ ಅಂದ್ರಲ್ಲ ಶಾಯಿಪೆನ್ನು, ನೀವು ಬಾಯಲ್ಲಿ ಮಾಡಿದ್ದನ್ನ ನಾವು ಪೆನ್ಸಿಲಲ್ಲಿ ಮಾಡ್ತೀವಿ.

ಅಟ್ಟದಮೇಲೆ:

ಕೊಳ್ಳೋ ವಿಷ್ಯ ಯಾರೂ ಹೇಳ್ತಿಲ್ವಲ್ಲ! ಟೆನಿಯಲ್ ಅಂತ ಮುಖಪುಟದಲ್ಲಿ ಹಾಕಿದ್ರೂ ನಂಬಬೇಡಿ. ಅವನ ಚಿತ್ರಕ್ಕೂ ಕಾಪಿರೈಟ್ ಇಲ್ಲ, ಹಂಗಾಗಿ ಎಷ್ಟೋ ಅಗ್ಗದ ಎಡಿಷನ್‌ಗೆ ಇಂಟರ್ನೆಟ್ಟಿಂದ ಇಳಿಸಿದ ಸ್ಕ್ಯಾನ್ ತುರುಕ್ತಾರೆ. ಮೂಲದಲ್ಲಿ ಅವನು ಮರದ ತುಂಡಿನ ಮೇಲೆ ಬರೀತಿದ್ದ, ಡ್ಯಾಲ್ಜಿಯಲ್ ಸೋದರರು ಕೂದಲೆಳೆಯಷ್ಟು ಸಣ್ಣ ಗೆರೆಗಳು ಉಳಿಯೋ ಹಂಗೆ ಸುತ್ತಲ ಮರ ಕೆತ್ತಿ ತೆಗೀತಿದ್ರು, ಕೆಟ್ಟ ಮುದ್ರಣದಲ್ಲಿ ಅವೆಲ್ಲ ಒಂದಕ್ಕೊಂದು ಅಂಟಿ ಮಸಿ ಮೆತ್ತಿದಂಗೆ ಆಗತ್ತೆ. ಆ ಮರದ ಅಚ್ಚುಗಳು 1985ರಲ್ಲಿ ಲಂಡನ್ನಿನ ಒಂದು ಬ್ಯಾಂಕಿನ ನೆಲಮಾಳಿಗೇಲಿ ಸಿಕ್ಕಿದ್ವು, ಅದರಿಂದ ತೆಗೆದ ಪ್ರಿಂಟ್ ನೋಡಿ ಹೆಂಗಿವೆ ಅಂತ. ಅಂಗಡೀಲಿ ಪುಸ್ತಕ ಬಿಡಿಸಿ ಗ್ರಿಫನ್ ಮಲಗಿರೋ ಚಿತ್ರ ನೋಡಿ, ರೆಕ್ಕೆ ಗೆರೆ ಬಿಡಿಬಿಡಿಯಾಗಿ ಕಂಡ್ರೆ ತಗೊಳ್ಳಿ, ಕಪ್ಪು ಉಂಡೆ ಆಗಿದ್ರೆ ವಾಪಸ್ ಇಡಿ.

ಎರಡನೇದು ತಗೋಳೋದಾದ್ರೆ ಹೆಲೆನ್ ಆಕ್ಸೆನ್‌ಬರಿ, 1999. ಆಲಿಸ್‌ಗೆ ತೋಳಿಲ್ಲದ ಪುಟ್ಟ ನೀಲಿ ಫ್ರಾಕು, ಕಾಲಿಗೆ ಕ್ಯಾನ್ವಾಸ್ ಶೂ, ಪಕ್ಕದ ಮನೆ ಹುಡುಗಿ ಥರ ನೆಲದ ಮೇಲೆ ಕಾಲು ಚಾಚ್ಕೊಂಡು ಕೂರ್ತಾಳೆ. ಬ್ರಿಟನ್ನಿನ ಕೇಟ್ ಗ್ರೀನವೇ ಪದಕ ಬಂದಿದ್ದು. ಮಕ್ಕಳಿಗೆ ಅದಕ್ಕಿಂತ ಒಳ್ಳೇದು ನನಗಂತೂ ಗೊತ್ತಿಲ್ಲ.

ಶಾಯಿಪೆನ್ನು:

ಎಲ್ರಿಗೂ ಥ್ಯಾಂಕ್ಸ್, ಅಪ್ಡೇಟ್ ಕೊಡೋದು ತಡ ಆಯ್ತು. ಟೆನಿಯಲ್‌ದು ಗ್ರಿಫನ್ ಪರೀಕ್ಷೆ ಮಾಡಿ ಮೂರನೇ ಅಂಗಡೀಲಿ ತಗೊಂಡೆ (ಮೊದಲೆರಡರಲ್ಲೂ ಕಪ್ಪು ಉಂಡೆ!), ಆಕ್ಸೆನ್‌ಬರಿದು ಗೆಳತಿ ಒಬ್ಳು ಓದೋಕೆ ಕೊಟ್ಲು. ಎರಡನ್ನೂ ಪಕ್ಕಪಕ್ಕ ನೆಲದ ಮೇಲೆ ಹರವಿ ಕೂತಿದ್ಲು ಇವಳು. ಶೂ ಹಾಕಿರೋಳೇ ಇಷ್ಟ ಆಗ್ತಾಳೆ ಅಂದ್ಕೊಂಡಿದ್ದೆ, ಇಲ್ಲ, ಹಳೇ ಪುಸ್ತಕದೋಳೇ ಬೇಕಂತೆ, ಯಾಕೆ ಅಂದ್ರೆ ‘ಇವಳು ಒಂದ್ಸಲಾನೂ ನಗಲ್ಲ ಅಮ್ಮಾ, ಎಲ್ರ ಮೇಲೂ ಸಿಟ್ಟಲ್ಲೇ ಇದಾಳೆ’. ಹೌದಲ್ವಾ ಅಂತ ನಾನೂ ಒಂದೊಂದೇ ತಿರುವಿ ನೋಡಿದೆ. ಅಷ್ಟೆಲ್ಲ ಹುಚ್ಚರ ಮಧ್ಯ ಮುಖ ಗಂಟು ಹಾಕ್ಕೊಂಡು ನಿಂತಿದಾಳೆ, ದಪ್ಪ ತಲೆ ಸಣ್ಣ ಕಾಲು ಇಟ್ಕೊಂಡು.

ಈಗ ಕನ್ನಡಿಯೊಳಗೆ ಹೋಗೋ ಎರಡನೇ ಭಾಗ ಬೇಕಂತೆ. ಅದಕ್ಕೂ ಏನಾದ್ರೂ ಪರೀಕ್ಷೆ ಇದೆಯಾ?

ಅಟ್ಟದಮೇಲೆ:

ಇದೆ. ಆಲಿಸ್ ಕನ್ನಡಿ ಒಳಗೆ ಹೋಗೋ ಚಿತ್ರ ಒಂದು ಪುಟ, ಆ ಕಡೆಯಿಂದ ಹೊರಗೆ ಬರೋ ಚಿತ್ರ ಇನ್ನೊಂದು. ಮೂಲ ಪುಸ್ತಕದಲ್ಲಿ ಅವೆರಡೂ ಒಂದೇ ಹಾಳೆಯ ಎರಡು ಬದಿ, ಹಾಳೇನೇ ಕನ್ನಡಿ. ಈಗಿನ ಎಷ್ಟೋ ಎಡಿಷನ್‌ನಲ್ಲಿ ಎದುರುಬದುರು ಪುಟಕ್ಕೆ ಹಾಕಿಬಿಡ್ತಾರೆ. ಹಾಳೆ ತಿರುವಿ ನೋಡಿ ತಗೊಳ್ಳಿ.