ತಜ್ಞವೈದ್ಯರಿಲ್ಲದ ಊರಿನಲ್ಲಿ ಅಂಗವೈಕಲ್ಯ ಮಾಸಾಶನ: ಅರ್ಜಿ ತಿರಸ್ಕೃತವಾದ ಮೇಲೆ ಏನು ಮಾಡಬೇಕು?

ಹಳ್ಳಿದಾರಿ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಈಗ 46 ವರ್ಷ. ಮೂರು ವರ್ಷಗಳ ಹಿಂದೆ ಎತ್ತರದಿಂದ ಬಿದ್ದು ಸೊಂಟದ ಬಳಿ ನರಕ್ಕೆ ಪೆಟ್ಟಾಯಿತು. ಅಂದಿನಿಂದ ಅವನ ಬಲಪಾದ ಮೇಲೇಳುವುದಿಲ್ಲ, ಅರ್ಧ ಗಂಟೆ ಒಂದೇ ಕಡೆ ಕುಳಿತರೆ ಕಾಲು ಜೋಮು ಹಿಡಿದು ಎದ್ದು ನಿಲ್ಲುವುದಕ್ಕೂ ಇನ್ನೊಬ್ಬರ ಆಸರೆ ಬೇಕಾಗುತ್ತದೆ. ಅಂಗವೈಕಲ್ಯ ಮಾಸಾಶನಕ್ಕೆ ನಾವು ಸಲ್ಲಿಸಿದ್ದ ಅರ್ಜಿ ಕಳೆದ ವಾರ ತಿರಸ್ಕೃತವಾಗಿ ಬಂದಿದೆ. ಪತ್ರದಲ್ಲಿ ಕೊಟ್ಟಿರುವ ಕಾರಣ ಎರಡೇ ಸಾಲಿನದು: ಅರ್ಜಿದಾರರು ತಜ್ಞವೈದ್ಯರನ್ನು ಕಂಡು 19 ತಿಂಗಳಾಗಿದೆ, ನಿರಂತರ ಚಿಕಿತ್ಸೆ ಪಡೆದಿರುವುದಕ್ಕೆ ದಾಖಲೆ ಇಲ್ಲ, ಆದ್ದರಿಂದ ತೊಂದರೆ ತೀವ್ರ ಸ್ವರೂಪದ್ದೆಂದು ಕಂಡುಬರುವುದಿಲ್ಲ.

ನಮ್ಮಲ್ಲಿರುವುದು ಒಬ್ಬ ನರ್ಸ್ ನೋಡಿಕೊಳ್ಳುವ ಚಿಕ್ಕ ಆರೋಗ್ಯ ಕೇಂದ್ರ. ವೈದ್ಯರು ಬರುವುದು ವಾರಕ್ಕೊಮ್ಮೆ ಮಾತ್ರ. ನರರೋಗ ತಜ್ಞರಿರುವ ಆಸ್ಪತ್ರೆ 110 ಕಿಲೋಮೀಟರ್ ದೂರದಲ್ಲಿದ್ದು, ಅಣ್ಣನನ್ನು ವಾಹನದ ಹಿಂಬದಿಯ ಸೀಟಿನಲ್ಲಿ ಮಲಗಿಸಿಕೊಂಡೇ ಹೋಗಬೇಕು. ಹೋಗಿ ಬಂದ ಮೇಲೆ ಎರಡು ಮೂರು ದಿನ ಅವನು ಹಾಸಿಗೆಯಿಂದ ಏಳುವುದಿಲ್ಲ. ಅವನ ಚಪ್ಪಲಿಗಳನ್ನು ನೋಡಿದರೆ ಸಾಕು: ಎಡಗಾಲಿನದು ಹೊಸದರಂತಿದೆ, ಬಲಗಾಲಿನದರ ತುದಿ ಮಾತ್ರ ನೆಲಕ್ಕೆ ಉಜ್ಜಿ ಉಜ್ಜಿ ಹೆಬ್ಬೆರಳು ಕಾಣುವಷ್ಟು ಸವೆದಿದೆ. ಇದನ್ನು ಕಚೇರಿಯವರಿಗೆ ಹೇಗೆ ತಿಳಿಸುವುದು? ಹೊಸದಾಗಿ ಅರ್ಜಿ ಹಾಕುವುದೋ ಮೇಲ್ಮನವಿ ಸಲ್ಲಿಸುವುದೋ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ನಿವೃತ್ತ ಶುಶ್ರೂಷಕಿ

ನಿಮ್ಮ ಊರಿನದರಂತಹ ಕೇಂದ್ರವೊಂದರಲ್ಲಿಯೇ 22 ವರ್ಷ ಕೆಲಸ ಮಾಡಿದವಳಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಅಣ್ಣನವರಿಗೆ ಕಾಯಿಲೆಯೇ ಇಲ್ಲವೆಂದು ಕಚೇರಿಯವರು ಹೇಳುತ್ತಿಲ್ಲ. ಅವರ ಮುಂದಿರುವ ಕಾಗದಗಳಲ್ಲಿ ಕಾಯಿಲೆಯ ಹೆಸರಿದೆ, ಅದರಿಂದಾಗಿ ದಿನನಿತ್ಯ ಏನನ್ನು ಮಾಡಲಾಗುತ್ತಿಲ್ಲ ಎಂಬುದಿಲ್ಲ, ತೊಡಕಿರುವುದು ಅಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ವರ್ಗೀಕರಣ ಪದ್ಧತಿಯು ಅಂಗವೈಕಲ್ಯವನ್ನು ಬರಿಯ ರೋಗವೆಂದು ನೋಡದೆ, ದೇಹದ ಕಾರ್ಯ, ವ್ಯಕ್ತಿಯ ಚಟುವಟಿಕೆ, ಸಮಾಜದಲ್ಲಿ ಪಾಲ್ಗೊಳ್ಳುವಿಕೆ ಮತ್ತು ಸುತ್ತಲಿನ ಪರಿಸರ ಇವೆಲ್ಲವನ್ನೂ ಸೇರಿಸಿ ನೋಡುತ್ತದೆ. ಆದರೆ ವೈದ್ಯರ ಚೀಟಿಯಲ್ಲಿ ನಾವು ಕಾಣುವುದು "ಸೊಂಟನೋವು, ಮಾತ್ರೆ ಮುಂದುವರಿಸಿ" ಎಂಬ ಒಂದೇ ಸಾಲು. ಹಳೆಯ ಎಂಆರ್‌ಐ ವರದಿಯೊಂದನ್ನೇ ನೆಚ್ಚಿಕೊಳ್ಳುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ನೋವೇ ಇಲ್ಲದ ಎಷ್ಟೋ ಜನರ ಬೆನ್ನುಮೂಳೆಯ ಚಿತ್ರದಲ್ಲಿಯೂ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿರುವುದು ಕಾಣುತ್ತದೆ ಎಂಬುದು ಪರಿಶೀಲಿಸುವವರಿಗೆ ಗೊತ್ತಿರುತ್ತದೆ.

ತಜ್ಞರಿಲ್ಲದಿದ್ದರೂ ನಿಮ್ಮ ಕೇಂದ್ರದಲ್ಲಿಯೇ ಅಳೆಯಬಹುದಾದ ಸಂಗತಿಗಳಿವೆ. ಸ್ನಾಯುವಿನ ಬಲವನ್ನು 0ರಿಂದ 5ರವರೆಗಿನ ದರ್ಜೆಗಳಲ್ಲಿ ಬರೆಯುವುದು ಎಲ್ಲ ವೈದ್ಯರಿಗೂ ತಿಳಿದ ಕ್ರಮ: 3 ಎಂದರೆ ಭೂಮಿಯ ಸೆಳೆತವನ್ನು ಮೀರಿ ಅಂಗವನ್ನು ಎತ್ತಬಲ್ಲರು, 2 ಎಂದರೆ ಆ ಸೆಳೆತ ತಟ್ಟದಂತೆ ಇಟ್ಟುಕೊಂಡಾಗ ಮಾತ್ರ ಅಲುಗಿಸಬಲ್ಲರು. "ಬಲಪಾದದಲ್ಲಿ ನಿಶ್ಶಕ್ತಿ" ಎಂದು ಬರೆಯುವ ಬದಲು "ಬಲಪಾದ ಮೇಲೆತ್ತುವ ಸ್ನಾಯುಬಲ 5ರಲ್ಲಿ 2" ಎಂದು ವೈದ್ಯರು ಬರೆದರೆ ಅದರ ತೂಕವೇ ಬೇರೆ. ಎರಡೂ ಮೀನಖಂಡಗಳ ಸುತ್ತಳತೆಯನ್ನು ಮೊಣಕಾಲಿನಿಂದ ಒಂದೇ ದೂರದಲ್ಲಿ ಟೇಪು ಹಿಡಿದು ಅಳೆದು ಬರೆಯಿಸಿ. ಬಳಕೆಯಿಲ್ಲದೆ ಸೊರಗಿದ ಸ್ನಾಯುವನ್ನು ಯಾರೂ ನಟಿಸಲಾರರು. ಇನ್ನೊಂದು ಪರೀಕ್ಷೆಗೆ "ಟೈಮ್ಡ್ ಅಪ್ ಅಂಡ್ ಗೋ" ಎಂದು ಹೆಸರು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕುಳಿತುಕೊಳ್ಳಲು ಎಷ್ಟು ಸೆಕೆಂಡು ಬೇಕಾಯಿತು ಎಂಬುದನ್ನು ಗಡಿಯಾರ ನೋಡಿ ಬರೆಯುವುದಷ್ಟೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಸುಮಾರು 10 ಸೆಕೆಂಡು ಸಾಕಾಗುತ್ತದೆ. ತಿಂಗಳಿಗೊಮ್ಮೆ ಇವನ್ನು ದಿನಾಂಕದೊಡನೆ ಬರೆಯಿಸುತ್ತ ಹೋದರೆ, 19 ತಿಂಗಳಿಗೊಮ್ಮೆ ದೂರದ ತಜ್ಞರು ಬರೆದುಕೊಡುವ ಒಂದು ಹಾಳೆಗಿಂತ ಅದು ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆಯ ಮಾತು. ವೈದ್ಯರ ಟಿಪ್ಪಣಿಯಲ್ಲಿ "ಸ್ಥಿತಿ ಸ್ಥಿರವಾಗಿದೆ" ಎಂಬ ಪದಗಳಿದ್ದರೆ ಅದನ್ನು ಬಿಡಿಸಿ ಬರೆಯುವಂತೆ ಕೇಳಿಕೊಳ್ಳಿ. ವೈದ್ಯರ ಮಾತಿನಲ್ಲಿ ಅದಕ್ಕೆ ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ ಎಂದಷ್ಟೇ ಅರ್ಥ. ಕಡತ ನೋಡುವವರು ಅದನ್ನು "ಚೆನ್ನಾಗಿದ್ದಾರೆ" ಎಂದು ಓದಿಕೊಳ್ಳುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. "ನಡೆದುಕೊಂಡು ಬಂದರು" ಎಂಬುದೂ ಅಂಥದೇ. ಹೊರಗೆ ನಿಂತ ವಾಹನದಿಂದ ಕೊಠಡಿಯವರೆಗೆ, ಗೋಡೆ ಹಿಡಿದು, ನಡುವೆ ಎರಡು ಬಾರಿ ನಿಂತು ನಡೆದರೂ ಚೀಟಿಯಲ್ಲಿ ಬರುವುದು ಆ ಒಂದೇ ಮಾತು.

ಕಡತವಾಸಿ

ಮೇಲಿನವರು ವೈದ್ಯಕೀಯ ಭಾಗವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಅರ್ಜಿಯ ಭಾಗವನ್ನು ಹೇಳುತ್ತೇನೆ. ಮೊದಲು ತಿರಸ್ಕಾರದ ಪತ್ರದಲ್ಲಿ ಮೇಲ್ಮನವಿಗೆ ಎಷ್ಟು ದಿನಗಳ ಅವಕಾಶವಿದೆ, ಆ ದಿನಗಳನ್ನು ಎಣಿಸುವುದು ಪತ್ರದ ದಿನಾಂಕದಿಂದಲೋ ಅದು ನಿಮ್ಮ ಕೈಸೇರಿದ ದಿನದಿಂದಲೋ ಎಂಬುದನ್ನು ನೋಡಿಕೊಳ್ಳಿ. ಹೊಸ ಅರ್ಜಿ ಹಾಕುವುದು ಸುಲಭವೆನಿಸಿದರೂ, ಅನೇಕ ವ್ಯವಸ್ಥೆಗಳಲ್ಲಿ ಸಹಾಯಧನವನ್ನು ಲೆಕ್ಕ ಹಾಕುವುದು ಅರ್ಜಿ ಸಲ್ಲಿಸಿದ ದಿನದಿಂದಲೇ ಆದ್ದರಿಂದ, ಹಳೆಯ ಅರ್ಜಿಯನ್ನು ಕೈಬಿಟ್ಟರೆ ಅಷ್ಟು ತಿಂಗಳುಗಳ ಹಿಂಬಾಕಿಯನ್ನೂ ಕೈಬಿಟ್ಟಂತಾಗುತ್ತದೆ. ಪುರಾವೆಗಳೆಲ್ಲ ಸಿದ್ಧವಾಗುವವರೆಗೆ ಕಾಯಬೇಡಿ. ಗಡುವಿನೊಳಗೆ ಮೇಲ್ಮನವಿ ಸಲ್ಲಿಸಿ, "ಹೆಚ್ಚಿನ ವೈದ್ಯಕೀಯ ದಾಖಲೆಗಳನ್ನು ನಂತರ ಒದಗಿಸುತ್ತೇವೆ, ಅದಕ್ಕೆ ಕಾಲಾವಕಾಶ ಕೊಡಬೇಕು" ಎಂದು ಅದರಲ್ಲಿಯೇ ಬರೆದು, ಸ್ವೀಕೃತಿ ಪಡೆದುಕೊಳ್ಳಿ.

ಚಿಕಿತ್ಸೆಯಲ್ಲಿ ಬಿದ್ದಿರುವ 19 ತಿಂಗಳ ಅಂತರದ ಬಗ್ಗೆ ಮೌನವಾಗಿರಬಾರದು. ನೀವು ಹೇಳದಿದ್ದರೆ, ಗುಣವಾಯಿತು, ಅದಕ್ಕೇ ಹೋಗಲಿಲ್ಲ ಎಂದು ಕಡತವೇ ಹೇಳಿಬಿಡುತ್ತದೆ. ತಜ್ಞರ ಸೇವೆ ಹತ್ತಿರದಲ್ಲಿ ಇಲ್ಲವೆಂದು, ರೋಗಿಯು ಈ ಕೇಂದ್ರಕ್ಕೆ ಇಂತಿಂಥ ದಿನಗಳಲ್ಲಿ ಬಂದಿದ್ದಾರೆಂದು ನಿಮ್ಮ ಆರೋಗ್ಯ ಕೇಂದ್ರದಿಂದ ಒಂದು ಪತ್ರ ಪಡೆಯಿರಿ. ಹೊರರೋಗಿಗಳ ದಾಖಲೆ ಪುಸ್ತಕದಲ್ಲಿ ಅಣ್ಣನವರ ಹೆಸರಿರುವ ಸಾಲುಗಳ ನಕಲು ಸಿಕ್ಕಿದರೆ ಇನ್ನೂ ಒಳ್ಳೆಯದು. ನಿಮಗೆ ಸಾಧಾರಣವೆನಿಸುವ ಆ ಪುಸ್ತಕವೇ ನಿರಂತರ ಚಿಕಿತ್ಸೆಯ ದಾಖಲೆ.

ಪರೀಕ್ಷೆಯನ್ನು ಹತ್ತಿರದ ಸ್ಥಳದಲ್ಲಿ ಅಥವಾ ವೀಡಿಯೊ ಕರೆಯ ಮೂಲಕ ನಡೆಸಬೇಕೆಂದು ಲಿಖಿತವಾಗಿ ಕೇಳಲೂಬಹುದು. ವೀಡಿಯೊ ಕರೆಯಾದರೆ ನರ್ಸ್ ಪಕ್ಕದಲ್ಲಿರುವಂತೆ ನೋಡಿಕೊಳ್ಳಿ, ಏಕೆಂದರೆ ಸ್ಪರ್ಶದ ಅರಿವನ್ನಾಗಲಿ ಸ್ನಾಯುವಿನ ಬಲವನ್ನಾಗಲಿ ಪರದೆಯ ಮೇಲೆ ಮುಟ್ಟಿ ನೋಡಲಾಗುವುದಿಲ್ಲ.

ಮರುಮಾತು

ಇಲ್ಲಿಯವರೆಗಿನ ಸಲಹೆಗಳನ್ನು ಒಪ್ಪುತ್ತೇನೆ, ಆದರೆ ಒಂದು ಆಕ್ಷೇಪವನ್ನು ದಾಖಲಿಸದೆ ಇರಲಾರೆ. ಸೇವೆಯನ್ನು ಊರಿಗೆ ತಲುಪಿಸಲಾಗದವರೇ, ಸೇವೆ ಪಡೆಯಲಿಲ್ಲವೆಂಬ ಕಾರಣ ಕೊಟ್ಟು ಅರ್ಜಿಯನ್ನು ತಳ್ಳಿಹಾಕುವುದು ಯಾವ ನ್ಯಾಯ? ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕುರಿತು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ, 2008ರಲ್ಲಿ ಜಾರಿಗೆ ಬಂದ ಒಡಂಬಡಿಕೆಯ 25ನೆಯ ವಿಧಿಯು, ಗ್ರಾಮೀಣ ಪ್ರದೇಶಗಳೂ ಸೇರಿದಂತೆ ಜನರು ವಾಸಿಸುವ ಸ್ಥಳಕ್ಕೆ ಆದಷ್ಟು ಹತ್ತಿರದಲ್ಲಿ ಆರೋಗ್ಯ ಸೇವೆ ಒದಗಿಸಬೇಕೆಂದು ಹೇಳುತ್ತದೆ. 28ನೆಯ ವಿಧಿ ಸಾಮಾಜಿಕ ರಕ್ಷಣೆಯ ಹಕ್ಕನ್ನು ಹೇಳುತ್ತದೆ. ನಿಮ್ಮ ದೇಶ ಅದಕ್ಕೆ ಸಹಿ ಹಾಕಿ ಅನುಮೋದಿಸಿದ್ದರೆ ಮೇಲ್ಮನವಿಯಲ್ಲಿ ಈ ಎರಡು ವಿಧಿಗಳನ್ನು ಹೆಸರಿಸಿ. ಅದರಿಂದಲೇ ಕೆಲಸವಾಗುತ್ತದೆಂದು ಹೇಳುವುದಿಲ್ಲ, ಆದರೆ ಪ್ರಶ್ನೆ ಕೇಳುವವರ ಮೇಲೂ ಒಂದು ಪ್ರಶ್ನೆ ಇದೆಯೆಂದು ಅದು ನೆನಪಿಸುತ್ತದೆ.

ನನ್ನ ತಾಯಿಯವರಿಗೆ ಮೂರ್ಛೆರೋಗವಿದೆ. ಪರೀಕ್ಷೆಯ ದಿನ ಅವರು ನೆಟ್ಟಗೆ ಕುಳಿತು ಎಲ್ಲಕ್ಕೂ ಉತ್ತರ ಕೊಟ್ಟರು, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ನೋಡುವ ಇಇಜಿ ಪರೀಕ್ಷೆ ಕೂಡ ಸರಿಯಾಗಿಯೇ ಬಂತು, ಅರ್ಜಿ ಬಿದ್ದುಹೋಯಿತು. ಒಂದು ಇಇಜಿ ಸರಿಯಿದ್ದ ಮಾತ್ರಕ್ಕೆ ಮೂರ್ಛೆರೋಗವಿಲ್ಲವೆಂದು ಹೇಳಲಾಗದು ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಆಮೇಲೆ ಒಂದು ನೋಟುಪುಸ್ತಕ ಇಟ್ಟೆವು: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಎಚ್ಚರವಾದ ಮೇಲೆ ಮಾತು ಸರಿಹೋಗಲು ಎಷ್ಟು ಹೊತ್ತಾಯಿತು, ನೋಡಿದವರು ಯಾರು. ಏನೂ ಆಗದ ದಿನಗಳನ್ನೂ ಬರೆದೆವು. ಬರಿಯ ಕೆಟ್ಟ ದಿನಗಳಿರುವ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಎಂಟು ಒಳ್ಳೆಯ ದಿನಗಳ ನಡುವೆ ಬಂದ ಒಂಬತ್ತನೆಯ ದಿನವನ್ನು ನಂಬುತ್ತಾರೆ. ಮೂರ್ಛೆ ಬಂದಾಗ ಮೊಬೈಲಿನಲ್ಲಿ ತೆಗೆದ ಒಂದು ವೀಡಿಯೊ ಕೂಡ ವೈದ್ಯರಿಗೆ ಬಹಳ ಉಪಯೋಗಕ್ಕೆ ಬಂತು. ಎರಡನೆಯ ಸಲ ಮಂಜೂರಾಯಿತು. ಓದು ಬರಹ ಬಾರದ ಮನೆಯವರು ಇದನ್ನೆಲ್ಲ ಹೇಗೆ ಮಾಡಬೇಕೆಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹಳ್ಳಿದಾರಿ

ಎಲ್ಲರಿಗೂ ಕೃತಜ್ಞತೆಗಳು. ಮೇಲ್ಮನವಿಗೆ ಇನ್ನೂ 23 ದಿನಗಳಿವೆ. ಕಡತವಾಸಿಯವರು ಹೇಳಿದಂತೆ ಮೊದಲು ಅದನ್ನು ಸಲ್ಲಿಸಿ ಸ್ವೀಕೃತಿ ಪಡೆದಿದ್ದೇನೆ. ನಿನ್ನೆ ನರ್ಸ್ ಮನೆಗೇ ಬಂದು ಅಳತೆ ತೆಗೆದರು. ಬಲ ಮೀನಖಂಡ ಎಡಗಡೆಯದಕ್ಕಿಂತ 2 ಸೆಂಟಿಮೀಟರ್ ಕಡಿಮೆ ಇದೆ. 3 ಮೀಟರ್ ಹೋಗಿ ಬಂದು ಕುಳಿತುಕೊಳ್ಳಲು ಅಣ್ಣನಿಗೆ 31 ಸೆಕೆಂಡು ಬೇಕಾಯಿತು. ಇನ್ನೂ ಬೇಗ ನಡೆದು ತೋರಿಸುತ್ತೇನೆಂದು ಅವನು ಹಟ ಮಾಡಿದ್ದರಿಂದ, ಎಂದಿನಂತೆ ನಡೆದರೆ ಸಾಕೆಂದು ನರ್ಸ್ ಗದರಬೇಕಾಯಿತು. ವಾರದ ವೈದ್ಯರು ಹಳೆಯ ಟಿಪ್ಪಣಿಯಲ್ಲಿದ್ದ "ಸ್ಥಿರವಾಗಿದೆ" ಎಂಬ ಪದವನ್ನು ವಿವರಿಸಿ ಹೊಸ ಪತ್ರ ಕೊಡಲು ಒಪ್ಪಿದ್ದಾರೆ.

ಒಂದು ಸಣ್ಣ ಸಂದೇಹ ಉಳಿದಿದೆ. ಪರೀಕ್ಷೆಗೆ ಕರೆದರೆ, ಆ ಸವೆದ ಚಪ್ಪಲಿಯನ್ನು ಬೇರೆಯಾಗಿ ತೆಗೆದುಕೊಂಡು ಹೋಗಿ ತೋರಿಸುವುದು ಅತಿಯಾಗುತ್ತದೆಯೇ? ಅಧಿಕಾರಿಗಳ ಮುಂದೆ ಹರಿದ ಚಪ್ಪಲಿ ಬೇಡವೆಂದು ಅತ್ತಿಗೆ ಹೊಸ ಜೊತೆ ತರಿಸಬೇಕೆನ್ನುತ್ತಿದ್ದಾರೆ.

ನಿವೃತ್ತ ಶುಶ್ರೂಷಕಿ

ಬೇರೆಯಾಗಿ ತೆಗೆದುಕೊಂಡು ಹೋಗಿ ತೋರಿಸುವುದು ಬೇಡ, ಅದನ್ನೇ ಹಾಕಿಕೊಂಡು ಹೋಗಲಿ. ದಿನಾಂಕ ಕಾಣುವಂತೆ ಎರಡರದೂ ಒಂದು ಫೋಟೊ ತೆಗೆದು ಕಡತಕ್ಕೆ ಸೇರಿಸಿ. ಹೊಸ ಜೊತೆಯನ್ನು ಪರೀಕ್ಷೆ ಮುಗಿದ ಮೇಲೆ ಕೊಳ್ಳಬಹುದೆಂದು ಅತ್ತಿಗೆಯವರಿಗೆ ಹೇಳಿ.