ನಮ್ಮ ಲ್ಯಾಬ್ರಡಾರ್ ದನಿ ಒಡೆದಿದೆ, ಇದು ಬರೀ ವಯಸ್ಸಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್‌ಗೆ 11 ವರ್ಷ. ಮೊದಲು ಗೇಟ್ ಸದ್ದಾದರೆ ಸಾಕು, ಮನೆ ಅದುರುವ ಹಾಗೆ ಬೊಗಳುತ್ತಿದ್ದ. ಎರಡು ಮೂರು ತಿಂಗಳಿಂದ ದನಿ ಗೊಗ್ಗರಾಗಿದೆ. ನೀರು ಕುಡಿದ ಮೇಲೆ ಕೆಮ್ಮುತ್ತಾನೆ. ವಾಕಿಂಗ್ ಹೋದರೆ ಅರ್ಧ ದಾರಿಗೇ ನಿಂತುಬಿಡುತ್ತಾನೆ, ಉಸಿರು ಎಳೆಯುವಾಗ ಗರಗಸ ಎಳೆದ ಹಾಗೆ ಸದ್ದು. ಮನೆಯಲ್ಲಿ ಎಲ್ಲರೂ ವಯಸ್ಸಾಯ್ತು ಬಿಡು ಅಂತಾರೆ. ಬಿಡಬಹುದಾ?

ಡಾಕ್ಟರ್: ಬಿಡಬೇಡಿ. ನೀವು ಹೇಳಿದ್ದೆಲ್ಲ ಬೇರೆ ಬೇರೆ ತೊಂದರೆ ಥರ ಕಾಣುತ್ತದೆ, ಆದರೆ ಎಲ್ಲವೂ ಒಂದೇ ಜಾಗದಿಂದ ಬರುತ್ತಿರಬಹುದು. ಧ್ವನಿಪೆಟ್ಟಿಗೆಯಿಂದ.

ಈ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ದನಿ ಅದರ ಎರಡನೇ ಕೆಲಸ, ಮೊದಲನೇ ಕೆಲಸ ಕಾವಲು. ಬಾಯಿಯ ಹಿಂದೆ ಗಾಳಿಯ ದಾರಿ ಮೇಲಿರುತ್ತದೆ, ಅನ್ನದ ದಾರಿ ಕೆಳಗೆ. ಕುತ್ತಿಗೆಗೆ ಇಳಿದ ಮೇಲೆ ಇದು ತಿರುವುಮುರುವು, ಶ್ವಾಸನಾಳ ಕೆಳಗೆ, ಅನ್ನನಾಳ ಅದರ ಮೇಲೆ. ಅಂದರೆ ಗಂಟಲಲ್ಲಿ ಎರಡೂ ಒಂದನ್ನೊಂದು ದಾಟಲೇಬೇಕು. ಆ ಕೂಡುರಸ್ತೆಯಲ್ಲಿ ನಿಂತಿರುವ ಬಾಗಿಲೇ ಧ್ವನಿಪೆಟ್ಟಿಗೆ.

ಅದರಲ್ಲಿ ಮುಖ್ಯವಾಗಿ ಐದು ಕಾರ್ಟಿಲೇಜ್, ಅಂದರೆ ಮೆತ್ತನೆ ಎಲುಬಿನ, ತುಂಡುಗಳು. ಕೆಳಗೆ ಗುರಾಣಿ ಹಾಗಿರುವುದು ಥೈರಾಯ್ಡ್ ಕಾರ್ಟಿಲೇಜ್. ಅದರ ಹಿಂದೆ ಉಂಗುರದ ಹಾಗೆ ಕ್ರಿಕಾಯ್ಡ್. ಮುಂದೆ ಎಲೆಯಂಥ ಮುಚ್ಚಳ, ಎಪಿಗ್ಲಾಟಿಸ್. ಇನ್ನೆರಡು ಅರಿಟಿನಾಯ್ಡ್, ಬಾಗಿಲಿನ ಎರಡು ರೆಕ್ಕೆ ಅಂದುಕೊಳ್ಳಿ, ಧ್ವನಿತಂತುಗಳು ಇವಕ್ಕೇ ಅಂಟಿಕೊಂಡಿವೆ. ಪ್ರತಿ ಸಲ ಉಸಿರು ಎಳೆದಾಗ ಈ ರೆಕ್ಕೆಗಳು ಪಕ್ಕಕ್ಕೆ ಸರಿಯಬೇಕು. ನನಗೆ ಈಗಲೂ ಆಶ್ಚರ್ಯ ಆಗುವ ವಿಷಯ ಏನಂದರೆ, ಬಾಗಿಲು ಮುಚ್ಚೋಕೆ ಹಲವು ಸ್ನಾಯುಗಳಿವೆ, ತೆಗೆಯೋಕೆ ಇರುವುದು ಪಕ್ಕಕ್ಕೊಂದರಂತೆ ಒಂದೇ ಜೋಡಿ.

ಆ ಜೋಡಿಗೆ ಬರುವ ನರದ ದಾರಿಯೂ ವಿಚಿತ್ರ. ತಲೆಯಿಂದ ನೇರವಾಗಿ ಗಂಟಲಿಗೆ ಬರುವುದಿಲ್ಲ. ಕುತ್ತಿಗೆ ಉದ್ದಕ್ಕೂ ಇಳಿದು ಎದೆಗೆ ಹೋಗಿ, ಎಡಗಡೆಯದು ಹೃದಯದಿಂದ ಹೊರಡುವ ಮಹಾಪಧಮನಿಯನ್ನು ಸುತ್ತಿ, ಬಲಗಡೆಯದು ಮುಂಗಾಲಿಗೆ ಹೋಗುವ ರಕ್ತನಾಳವನ್ನು ಸುತ್ತಿ, ಮತ್ತೆ ಮೇಲೆ ಬರುತ್ತದೆ. ದೊಡ್ಡ ನಾಯಿಯಲ್ಲಿ ಎಷ್ಟು ಉದ್ದ ಆಯಿತು ನೋಡಿ. ವಯಸ್ಸಾದ ಕೆಲವು ನಾಯಿಗಳಲ್ಲಿ ಇಂಥ ಉದ್ದದ ನರಗಳೇ ಮೊದಲು ಸೊರಗುತ್ತವೆ, ಲ್ಯಾಬ್ರಡಾರ್‌ಗಳಲ್ಲಿ ಇದು ಜಾಸ್ತಿ. ಆಗ ರೆಕ್ಕೆಗಳು ತೆರೆಯದೆ ನಡುವೆಯೇ ಜೋತು ನಿಲ್ಲುತ್ತವೆ. ಉಸಿರು ಎಳೆದಷ್ಟೂ ಒಳಕ್ಕೇ ಸೆಳೆದುಕೊಳ್ಳುತ್ತವೆ, ಅದೇ ನಿಮ್ಮ ಗರಗಸದ ಸದ್ದು. ತಂತು ಬಿಗಿಯಾಗದೆ ದನಿ ಒಡೆಯುತ್ತದೆ. ಸರಿಯಾಗಿ ಮುಚ್ಚಿಕೊಳ್ಳದೆ ನೀರು ಒಳಗೆ ಜಾರುತ್ತದೆ.

ಒಂದು ಮಾತು ಕೇಳಲಾ? ನಡೆಯುವಾಗ ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುತ್ತದಾ?

ಪ್ರಶ್ನೆ ಕೇಳಿದವರು: ಹೌದು! ಅದು ಸೊಂಟ ನೋವು ಅಂದುಕೊಂಡಿದ್ದೆವು.

ಡಾಕ್ಟರ್: ಸೊಂಟವೂ ಇರಬಹುದು. ಆದರೆ ಹಿಂಗಾಲಿನ ನರಗಳೂ ಉದ್ದವೇ ಅಲ್ವಾ, ಅದಕ್ಕೇ ಕೇಳಿದೆ. ನೋಡದೆ ಖಚಿತವಾಗಿ ಹೇಳಲಾರೆ. ಸ್ವಲ್ಪ ಮಂಪರು ಕೊಟ್ಟು ಬಾಯಿ ತೆರೆದು, ಉಸಿರು ಎಳೆಯುವಾಗ ರೆಕ್ಕೆಗಳು ಸರಿಯುತ್ತವಾ ಅಂತ ನೋಡಬೇಕು. ಎದೆಯ ಎಕ್ಸ್‌ರೇ ಕೂಡ ಬೇಕು. ಅಲ್ಲಿಯವರೆಗೆ ಕಾಲರ್ ತೆಗೆದು ಹಾರ್ನೆಸ್ ಹಾಕಿ, ಬಿಸಿಲಲ್ಲಿ ಕರೆದುಕೊಂಡು ಹೋಗಬೇಡಿ. ನಾಯಿ ಮೈ ತಣಿಸಿಕೊಳ್ಳುವುದು ಹೆಚ್ಚಾಗಿ ತೇಕುವುದರಿಂದಲೇ. ಬಾಗಿಲು ಅರ್ಧ ಮುಚ್ಚಿದ್ದರೆ ತೇಕಿದರೂ ತಣಿಯುವುದಿಲ್ಲ, ಇನ್ನೂ ಜೋರಾಗಿ ಎಳೆಯುತ್ತಾನೆ, ಗಂಟಲು ಊದಿಕೊಳ್ಳುತ್ತದೆ. ಒಸಡು ನೀಲಿಯಾದರೆ ಒಂದು ಕ್ಷಣವೂ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಇನ್ನೊಬ್ಬರು: ಆಪರೇಷನ್ ಇದೆಯಂತಲ್ಲ, ಮಾಡಿಸಿದರೆ ದನಿ ವಾಪಸ್ ಬರುತ್ತಾ?

ಡಾಕ್ಟರ್: ದನಿ ಬರಲ್ಲ, ಉಸಿರು ಬರುತ್ತದೆ. ಒಂದು ರೆಕ್ಕೆಯನ್ನು ಪಕ್ಕಕ್ಕೆ ಎಳೆದು ಹೊಲಿಗೆ ಹಾಕುತ್ತಾರೆ. ಎರಡನ್ನೂ ಯಾಕೆ ಮಾಡಲ್ಲ ಅಂದರೆ, ಬಾಗಿಲು ಅಷ್ಟಗಲ ತೆರೆದೇ ಇದ್ದರೆ ಅನ್ನ ನೀರು ಶ್ವಾಸಕೋಶಕ್ಕೆ ಹೋಗುವ ಭಯ. ಒಂದೇ ಕಡೆ ಮಾಡಿದರೂ ಆ ಭಯ ಪೂರ್ತಿ ಹೋಗಲ್ಲ, ನಿಮೋನಿಯಾ ಮೇಲೆ ಕೊನೆವರೆಗೂ ಕಣ್ಣಿಟ್ಟಿರಬೇಕು.

ಮತ್ತೊಬ್ಬರು: ನಮ್ಮ ಪೊಮೇರಿಯನ್ ಬಾತುಕೋಳಿ ಕೂಗಿದ ಹಾಗೆ ಕೆಮ್ಮುತ್ತದೆ. ಇದೂ ಅದೇನಾ?

ಡಾಕ್ಟರ್: ಅದು ಬಾಗಿಲಿಗಿಂತ ಕೆಳಗಿನದು ಇರಬಹುದು. ಶ್ವಾಸನಾಳದ ಕಾರ್ಟಿಲೇಜ್ ಉಂಗುರಗಳು ಪೂರ್ತಿ ಉಂಗುರ ಅಲ್ಲ, ಮೇಲ್ಭಾಗದಲ್ಲಿ ಬಾಯಿ ಬಿಟ್ಟಿರುತ್ತವೆ. ಚಿಕ್ಕ ತಳಿಗಳಲ್ಲಿ ಕೆಲವಕ್ಕೆ ಅವು ಮೆತ್ತಗಾಗಿ ಚಪ್ಪಟೆಯಾಗುತ್ತವೆ. ನಿಮಗೂ ಹಾರ್ನೆಸ್ಸೇ, ತೂಕ ಇಳಿಸಿ, ತೋರಿಸಿ.

ಲ್ಯಾಬ್ರಡಾರ್‌ನವರೇ, ಅವನು ಸದ್ದು ಮಾಡಿ ಉಸಿರು ಎಳೆಯುವಾಗ ಫೋನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ನೀರು ಕುಡಿಯುವಾಗಿನದೂ ಒಂದು. ಆಸ್ಪತ್ರೆಗೆ ಬಂದ ತಕ್ಷಣ ಏನೂ ಆಗದವನ ಹಾಗೆ ಕೂತುಬಿಡುತ್ತಾರೆ ಇವರು.