ಲೆಕ್ಕ ಅಂದ್ರೆ ಆಗಲ್ಲ, ಮಾತು ಬರಹ ಇಷ್ಟ: ಯಾವ ಕೆಲಸ ನೋಡಬಹುದು?

ಪದಪ್ರೇಮಿ:
ಡಿಗ್ರಿ ಮುಗಿಯುತ್ತಾ ಬಂತು. ಓದುವುದು, ಬರೆಯುವುದು, ಜನರ ಜೊತೆ ಮಾತಾಡುವುದು ಎಲ್ಲ ಇಷ್ಟ, ಎಕ್ಸೆಲ್ ಶೀಟ್ ತೆರೆದರೆ ಮಾತ್ರ ತಲೆ ಓಡುವುದಿಲ್ಲ. ಯಾರನ್ನು ಕೇಳಿದರೂ "ಟೀಚರ್ ಆಗು, ಇಲ್ಲಾಂದ್ರೆ ಪತ್ರಕರ್ತೆ ಆಗು" ಅಂತಾರೆ, ಅಲ್ಲಿಗೆ ಪಟ್ಟಿ ಮುಗಿಯಿತು. ಎಚ್‌ಆರ್ (ಕಂಪನಿಯ ಸಿಬ್ಬಂದಿ ವಿಭಾಗ) ಮತ್ತು ಸೈಕಾಲಜಿ ಮೇಲೆ ಕಣ್ಣಿದೆ. ಅಲ್ಲಿ ಲೆಕ್ಕದ ಕಾಟ ಇರಲ್ಲ ಅಲ್ವಾ?

ಹಳೇಬೇರು:
ಇರುತ್ತದೆ! ಸೈಕಾಲಜಿಯಲ್ಲಿ ಸ್ಟಾಟಿಸ್ಟಿಕ್ಸ್ ಓದದೆ ದಾಟುವುದು ಕಷ್ಟ. ಕೌನ್ಸೆಲಿಂಗ್ ಕೆಲಸಕ್ಕೆ ಸೇರಿದ ಮೇಲೆ ಅದರ ಬಳಕೆ ಕಡಿಮೆ, ಆದರೆ ಕೋರ್ಸ್ ಮುಗಿಸಬೇಕಲ್ಲ. ಎಚ್‌ಆರ್‌ನಲ್ಲಿ ಸಂಬಳದ ವಿಭಾಗಕ್ಕೆ ಹಾಕಿದರೆ ದಿನವಿಡೀ ಅಂಕಿಗಳೇ. ನೇಮಕಾತಿ, ತರಬೇತಿ, ನೌಕರರ ದೂರು ಕೇಳುವ ಕಡೆ ಹೋದರೆ ಮಾತೇ ಜಾಸ್ತಿ. ಹಾಗಾಗಿ ಹುದ್ದೆಯ ಹೆಸರು ನೋಡಬೇಡಿ, ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡಬೇಕು ಅಂತ ಅದೇ ಕೆಲಸದಲ್ಲಿ ಇರುವವರನ್ನು ಕೇಳಿ.

ಎರಡುಮಾತು:
ನೀವು ಮಾತು, ಬರಹ, ಜನ ಎಲ್ಲವನ್ನೂ ಒಂದೇ ಗಂಟು ಕಟ್ಟಿದ್ದೀರಿ. ಮೊದಲು ಅದನ್ನು ಬಿಚ್ಚಿ. ನಾನು ಅನುವಾದಕ, ಸಿನಿಮಾದಲ್ಲಿ ಪರದೆಯ ಕೆಳಗೆ ಬರುವ ಸಬ್‌ಟೈಟಲ್ ಕೂಡ ಮಾಡುತ್ತೇನೆ. ಒಂದು ಸಲಕ್ಕೆ ಎರಡೇ ಸಾಲು, ಇಂಗ್ಲಿಷ್‌ನಲ್ಲಾದರೆ ಸಾಲಿಗೆ ಸುಮಾರು 42 ಅಕ್ಷರ, ಅಷ್ಟರಲ್ಲಿ ಇಡೀ ಜಗಳವನ್ನು ಹಿಡಿಸಬೇಕು, ನೋಡುವವರಿಗೆ ಓದಲು ಸಮಯವೂ ಸಿಗಬೇಕು. ನನಗೆ ಈ ಕೆಲಸ ಬಹಳ ಇಷ್ಟ, ಆದರೆ ದಿನಪೂರ್ತಿ ಯಾರ ಮುಖವನ್ನೂ ನೋಡುವುದಿಲ್ಲ. ಸಭೆಗಳಲ್ಲಿ ಬಾಯಿಮಾತಿನಲ್ಲೇ ಅನುವಾದ ಮಾಡುವ ಇಂಟರ್‌ಪ್ರಿಟರ್ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಭಾಷಣ ನಡೆಯುತ್ತಿರುವಾಗಲೇ ಅದನ್ನು ಇನ್ನೊಂದು ಭಾಷೆಗೆ ತರಬೇಕು. ತಲೆಗೆ ಎಷ್ಟು ಸುಸ್ತಾಗುತ್ತದೆ ಅಂದರೆ ಸಾಮಾನ್ಯವಾಗಿ ಇಬ್ಬರು ಕೂತು 20-30 ನಿಮಿಷಕ್ಕೊಮ್ಮೆ ಸರದಿ ಬದಲಿಸುತ್ತಾರೆ.
(ಅಂದಹಾಗೆ, ಪದಕ್ಕೆ ಇಷ್ಟು ಅಂತ ದುಡ್ಡು ಕೊಡುವವರೇ ಜಾಸ್ತಿ, ಹಾಗಾಗಿ ಬಿಲ್ ಬರೆಯುವಷ್ಟು ಲೆಕ್ಕ ನಮಗೂ ಬೇಕು.)

ಪ್ರಶ್ನೆಪೆಟ್ಟಿಗೆ:
ಟೆಕ್ನಿಕಲ್ ರೈಟಿಂಗ್, ಅಂದರೆ ಸಾಫ್ಟ್‌ವೇರ್, ಉಪಕರಣಗಳನ್ನು ಹೇಗೆ ಬಳಸಬೇಕು ಅಂತ ಬರೆದುಕೊಡುವ ಕೆಲಸ, ಯಾಕೆ ಯಾರೂ ಹೇಳಲಿಲ್ಲ? ಎಂಜಿನಿಯರ್ ಓದಿರಬೇಕು ಅನ್ನುವುದು ಸುಮ್ನೆ ಭಯ. ಅರ್ಧ ಕೆಲಸ ಇರುವುದೇ ಎಂಜಿನಿಯರುಗಳ ಹಿಂದೆ ಬಿದ್ದು "ಇದು ಯಾಕೆ ಹೀಗೆ?" ಅಂತ ನಾಚಿಕೆ ಇಲ್ಲದೆ ಕೇಳುವುದರಲ್ಲಿ. ಆ್ಯಪ್‌ಗಳ ಒಳಗಿನ ಸಣ್ಣಸಣ್ಣ ಸೂಚನೆಗಳನ್ನು ಬರೆಯುವವರೂ ಇದ್ದಾರೆ. "ದೋಷ ಉಂಟಾಗಿದೆ" ಅಂತಿದ್ದರೆ ಬಳಸುವವರಿಗೆ ಏನು ತಿಳಿಯುತ್ತದೆ? "ಪಾಸ್‌ವರ್ಡ್‌ನಲ್ಲಿ ಕನಿಷ್ಠ 8 ಅಕ್ಷರ ಇರಲಿ" ಅಂತ ಬರೆದರೆ ಸಹಾಯವಾಣಿಗೆ ಬರುವ ಕರೆ ಎಷ್ಟೋ ಕಡಿಮೆಯಾಗುತ್ತವೆ. ಮೊದಲ ಕರಡನ್ನು ಈಗ ಯಂತ್ರವೂ ಬರೆಯುತ್ತದೆ, ನಿಜ. ಹಾಗಾಗಿ ಬರೀ ಚೆನ್ನಾಗಿ ಬರೆಯುತ್ತೇನೆ ಅಂದರೆ ಸಾಲದು, ಕೇಳಿ ತಿಳಿದುಕೊಳ್ಳುವ ಬುದ್ಧಿ ಇರುವವರಿಗೆ ಬೆಲೆ.

ತೊದಲುನುಡಿ:
ಮಾತು, ಜನ ಎರಡೂ ಬೇಕಿದ್ದರೆ ಸ್ಪೀಚ್ ಥೆರಪಿ ನೋಡಿ. ತೊದಲುವ ಮಕ್ಕಳು ಬರುತ್ತಾರೆ, ಪಾರ್ಶ್ವವಾಯು ಆಗಿ ಮಾತು ಕಳೆದುಕೊಂಡವರು ಬರುತ್ತಾರೆ. ಪಾರ್ಶ್ವವಾಯು ಆದ ಎಷ್ಟೋ ಜನರಿಗೆ ಹೇಳಬೇಕಾದ್ದು ಮನಸ್ಸಿನಲ್ಲಿ ಸ್ಪಷ್ಟವಾಗಿರುತ್ತದೆ, ಪದ ಮಾತ್ರ ಬಾಯಿಗೆ ಬರುವುದಿಲ್ಲ. ಅದಕ್ಕೆ ಅಫೇಸಿಯಾ ಅನ್ನುತ್ತಾರೆ. ತಿಂಗಳುಗಟ್ಟಲೆ ಅದೇ ಅಭ್ಯಾಸ ಮಾಡಿಸುವ ತಾಳ್ಮೆ ಬೇಕು.

ಪದಪ್ರೇಮಿ:
ಸ್ಪೀಚ್ ಥೆರಪಿ ಯೋಚನೆಗೇ ಬಂದಿರಲಿಲ್ಲ! ಯಾವ ಡಿಗ್ರಿ ಇದ್ದರೂ ಸೇರಬಹುದಾ?

ತೊದಲುನುಡಿ:
ಸಾಮಾನ್ಯವಾಗಿ ಅದಕ್ಕೇ ಅಂತ ಬೇರೆ ಡಿಗ್ರಿ ಓದಬೇಕು, ಎಷ್ಟೋ ಕಡೆ ಲೈಸೆನ್ಸ್ ಕೂಡ ಬೇಕು. ಅಂಗರಚನೆ, ಧ್ವನಿಶಾಸ್ತ್ರ ಓದಬೇಕು, ಕೇಳುವಿಕೆ ಪರೀಕ್ಷೆಯಲ್ಲಿ ಸದ್ದಿನ ಜೋರು ಅಳೆಯುವ ಡೆಸಿಬಲ್ ಅಂಕಿಗಳೂ ಬರುತ್ತವೆ. ಹೆದರಬೇಡಿ, ಎಕ್ಸೆಲ್ ಅಷ್ಟು ಇಲ್ಲ.